ಪ್ಯಾರಿಸ್ಸಿನಲ್ಲಿ ಒಂದು ಬಟ್ಟಲು ಮೊಸರನ್ನ

(ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: ವಯಸ್ಸಾದ ತಾಯಿಯನ್ನು ಕರೆದುಕೊಂಡು ಯುರೋಪ್ ಪ್ರವಾಸ ಹೋಗಿದ್ದೆ. ಪ್ಯಾರಿಸ್ಸಿನಲ್ಲಿ ‘ಇಂಡಿಯನ್’ ಎಂಬ ಫಲಕ ನೋಡಿ ಊಟಕ್ಕೆ ಹೋದೆವು. ನಾನ್ ಒಳಗೆ ಚೀಸ್ ತುಂಬಿದ್ದರು. ದಾಲ್‌ನಲ್ಲಿ ಖಾರವೇ ಇಲ್ಲ, ಬರೀ ಕೆನೆ. ಕುಡಿಯುವ ನೀರಿಗೂ ದುಡ್ಡು. ಅಡುಗೆಯವರು ಬಾಂಗ್ಲಾದೇಶದವರೆಂದು ಆಮೇಲೆ ತಿಳಿಯಿತು. ನಮ್ಮ ದೇಶದ ಹೆಸರಿನಲ್ಲಿ ಇಂಥ ಮೋಸ ನಡೆಯಬಾರದು. ಅಮ್ಮ ಏನನ್ನೂ ಮುಟ್ಟದ್ದನ್ನು ಕಂಡು ಅವರು ಒಂದು ಬಟ್ಟಲು ಮೊಸರನ್ನ ಕಲಸಿ ತಂದರು, ಅದಕ್ಕೆ ದುಡ್ಡು ಪಡೆಯಲಿಲ್ಲ.)

ಮಾನ್ಯರೇ,

ಹೆತ್ತವರು ಹಸಿದು ಕೂತಿರುವಾಗ ಎದುರಿನ ತಟ್ಟೆ ಅವರ ಬಾಯಿಗೆ ಹಿಡಿಸದಿದ್ದರೆ ಎಂಥ ಸಂಕಟವೆಂದು ನನಗೆ ಗೊತ್ತು. ನಿಮ್ಮ ಬೇಸರವನ್ನು ಹಗುರವಾಗಿ ಕಾಣುತ್ತಿಲ್ಲ. ಆದರೆ ‘ಮೋಸ’ ಎಂಬ ಮಾತನ್ನು ಒಪ್ಪಲಾರೆ.

ಚೀಸ್ ನಾನ್ ಫ್ರಾನ್ಸಿನಲ್ಲಿ ಮನೆಮಾತಾಗಿರುವ ತಿನಿಸು. ಭಾರತೀಯ ಹೋಟೆಲಿಗೆ ಹೋಗುವ ಫ್ರೆಂಚರು ಮೊದಲು ಕೇಳುವುದೇ ಅದನ್ನು. ಬಿಸಿ ನಾನ್ ಮುರಿದರೆ ಒಳಗಿನ ಚೀಸ್ ಎಳೆಯೆಳೆಯಾಗಿ ಬರಬೇಕು, ಅವರಿಗೆ ಅದೇ ರುಚಿ. ಅಲ್ಲಿಯ ಒಲೆ ಉರಿಯುವುದು ದಿನವೂ ಬರುವ ಆ ಊರಿನವರಿಗಾಗಿ. ನಾವು ಒಂದು ರಾತ್ರಿಯ ಅತಿಥಿಗಳು. ನಿಮ್ಮ ದಾವಣಗೆರೆಯಲ್ಲೇ ಸಂಜೆ ‘ಚೈನೀಸ್’ ಎಂದು ಬರೆದ ಗಾಡಿಯ ಮುಂದೆ ನಿಂತು ಗೋಬಿ ಮಂಚೂರಿ ತಿನ್ನುವ ಯಾರೂ ಬಾಣಲೆ ಹಿಡಿದವನ ಊರು ಯಾವುದೆಂದು ಕೇಳುವುದಿಲ್ಲ.

ಬಾಂಗ್ಲಾದೇಶದವರ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1810ರಲ್ಲಿ ಲಂಡನ್ನಿನಲ್ಲಿ ‘ಹಿಂದೂಸ್ತಾನಿ ಕಾಫಿ ಹೌಸ್’ ಎಂಬ ಭಾರತೀಯ ಊಟದ ಹೋಟೆಲು ತೆರೆದ ಶೇಖ್ ದೀನ್ ಮಹಮ್ಮದ್ ಪಾಟ್ನಾದವರು. ಎರಡೇ ವರ್ಷದಲ್ಲಿ ಅವರು ದಿವಾಳಿಯಾದರು. ಬ್ರಿಟನ್ನಿನ ಬೀದಿಬೀದಿಗೂ ಈ ಅಡುಗೆಯನ್ನು ಮುಟ್ಟಿಸಿದವರು ಬಹುಮಟ್ಟಿಗೆ ಈಗ ಬಾಂಗ್ಲಾದೇಶದಲ್ಲಿರುವ ಸಿಲ್ಹೆಟ್ ಸೀಮೆಯವರು. ಕಲ್ಕತ್ತೆಯಲ್ಲಿ ಹಡಗು ಹತ್ತಿ, ಇಂಜಿನ್ ಕೋಣೆಯ ಧಗೆಯಲ್ಲಿ ಕಲ್ಲಿದ್ದಲು ತುಂಬುತ್ತಿದ್ದವರು. ಲಂಡನ್ ಬಂದರಿನಲ್ಲಿ ಇಳಿದ ಕೆಲವರು ಮತ್ತೆ ಹಡಗು ಹತ್ತಲಿಲ್ಲ. ಹೋಟೆಲುಗಳಲ್ಲಿ ಪಾತ್ರೆ ತೊಳೆದು, ಅಡುಗೆ ಕಲಿತು, ಸ್ವಂತ ಅಂಗಡಿ ಇಟ್ಟರು. 1947ರವರೆಗೆ ಸಿಲ್ಹೆಟ್ ಅಸ್ಸಾಂ ಪ್ರಾಂತ್ಯದ ಜಿಲ್ಲೆ. ಹಾಗಾದರೆ ಆ ಮೊದಲಿಗರು ಭಾರತದಿಂದಲೇ ಹೋದವರಲ್ಲವೇ? ಗಡಿ ಆಮೇಲೆ ಬಂತು. ಪ್ಯಾರಿಸ್ಸಿನ ನಿಮ್ಮ ಅಡುಗೆಯವರು ಯಾವ ದಾರಿಯಲ್ಲಿ ಬಂದರೋ ಕಾಣೆ. ಆದರೆ ಅನ್ನ, ಬೇಳೆ, ಮೊಸರು ಅವರಿಗೂ ಮನೆಯ ಊಟವೇ.

ನೀರಿನ ಸಂಗತಿ ಸುಲಭದ್ದು. ಊಟದ ಜೊತೆ ನಲ್ಲಿನೀರನ್ನು ಉಚಿತವಾಗಿ ಕೊಡಬೇಕೆಂಬ ನಿಯಮ ಫ್ರಾನ್ಸಿನಲ್ಲಿದೆ. ಬರೀ ನೀರು ಎಂದರೆ ಬಾಟಲಿ ತರುತ್ತಾರೆ. ‘ಕರಾಫ್ ದೋ’ ಎಂದು ಕೇಳಿದರೆ ಹೂಜಿಯಲ್ಲಿ ನಲ್ಲಿನೀರು ತಂದಿಡುತ್ತಾರೆ.

ಇನ್ನೊಮ್ಮೆ ಹೋದರೆ ತಾಯಿಯವರನ್ನು ಗಾರ್ ದು ನಾರ್ ರೈಲು ನಿಲ್ದಾಣದ ಹಿಂದಿನ ಲಾ ಶಪೆಲ್ ಬಡಾವಣೆಗೆ ಕರೆದುಕೊಂಡು ಹೋಗಿ. ಶ್ರೀಲಂಕಾದ ಯುದ್ಧದಿಂದ ತಪ್ಪಿಸಿಕೊಂಡು ಬಂದ ತಮಿಳರು ಕಟ್ಟಿಕೊಂಡ ಬೀದಿಗಳು ಅವು. ಅಂಗಡಿಯ ಬಾಗಿಲಲ್ಲೇ ಕರಿಬೇವು, ನುಗ್ಗೆಕಾಯಿ. ಒಳಗೆ ದೋಸೆ, ವಡೆ, ಸಾಂಬಾರು. ಹತ್ತಿರದಲ್ಲೇ ಗಣಪತಿ ದೇವಸ್ಥಾನವೂ ಇದೆ. ಬೇಸಿಗೆಯ ಕೊನೆಗೆ ತೇರು ಹೊರಟಾಗ ಪ್ಯಾರಿಸ್ಸಿನ ರಸ್ತೆಯಲ್ಲಿ ರಾಶಿ ರಾಶಿ ತೆಂಗಿನಕಾಯಿ ಒಡೆಯುತ್ತಾರೆ. ತಾಯಿಯವರಿಗೆ ಇಷ್ಟವಾಗುತ್ತದೆ.

ಜಾಗವಿಲ್ಲದ್ದರಿಂದ ನಿಮ್ಮ ಪತ್ರವನ್ನು ಬಹಳ ಮೊಟಕು ಮಾಡಿದ್ದೇನೆ. ಮೊಸರನ್ನದ ಮಾತನ್ನು ನೀವು ಸಹಿಯ ಕೆಳಗೆ, ಮರೆತದ್ದು ನೆನಪಾದಂತೆ, ಸಣ್ಣ ಅಕ್ಷರದಲ್ಲಿ ಬರೆದಿದ್ದಿರಿ. ಅದನ್ನು ಮಾತ್ರ ಪೂರ್ತಿಯಾಗಿ ಉಳಿಸಿಕೊಂಡಿದ್ದೇನೆ.

– ಸಂಪಾದಕ