ಉಕ್ಕಿನ ಲೆಕ್ಕ ಬಿಡು, ತೊಟ್ಟಿಲ ಲೆಕ್ಕ ನೋಡು

ಪ್ರಶ್ನೆ: ಮೇಡಂ, ಅಮೆರಿಕದ ಕಾಲ ಮುಗೀತು ಅಂತ ಕೆಲವರು ಅಂಕಿ ತೋರಿಸ್ತಾರೆ. ಅದಕ್ಕೆ ಸರಿಸಾಟಿಯೇ ಇಲ್ಲ ಅಂತ ಇನ್ನು ಕೆಲವರು ಬೇರೆ ಅಂಕಿ ತೋರಿಸ್ತಾರೆ. ಯಾರನ್ನು ನಂಬಲಿ?
– ಪದವಿ ವಿದ್ಯಾರ್ಥಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ತಮ್ಮಾ, ಮೊದಲು ಸೋವಿಯತ್ ಒಕ್ಕೂಟದ ಕಥೆ ಕೇಳು. 1980ರ ದಶಕದಲ್ಲಿ ಜಗತ್ತಿನಲ್ಲೇ ಎಲ್ಲರಿಗಿಂತ ಜಾಸ್ತಿ ಉಕ್ಕು ತಯಾರಿಸುತ್ತಿದ್ದ ದೇಶ ಅದು. 1991ರಲ್ಲಿ ಒಡೆದೇ ಹೋಯಿತು. ಆದರೆ ಎಮ್ಯಾನುಯೆಲ್ ಟಾಡ್ ಎಂಬ ಫ್ರೆಂಚ್ ಯುವಕ, ಇದು ಉಳಿಯಲ್ಲ ಎಂದು 1976ರಲ್ಲೇ ಬರೆದಿದ್ದರು. ಅವರು ಹಿಡಿದ ಮುಖ್ಯ ಸುಳಿವು ಶಿಶು ಮರಣ. ಅಲ್ಲಿ 1971ರಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 23 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 1974ಕ್ಕೆ ಅದು 28ರ ಹತ್ತಿರ ಹೋಯಿತು. ಆಮೇಲೆ ಸರ್ಕಾರ ಆ ಅಂಕಿ ಪ್ರಕಟಿಸುವುದನ್ನೇ ನಿಲ್ಲಿಸಿತು. ನನ್ನ ಪ್ರಕಾರ ದೊಡ್ಡ ಸುಳಿವು ಅದೇ.

ನಾನು ಆಳಂದ ತಾಲ್ಲೂಕಿನ ಹಳ್ಳಿಗಳಲ್ಲಿ ನರ್ಸಮ್ಮನಾಗಿ ಇಂಥದ್ದೇ ರಿಜಿಸ್ಟರ್ ಬರೆದವಳು. ಒಂದು ಸಾಲು ತುಂಬಬೇಕಾದರೆ ಎಷ್ಟೆಲ್ಲ ಕೇಳಬೇಕು ಗೊತ್ತಾ? ಕೂಸಿನ ತೂಕ ಎಷ್ಟಿತ್ತು, ಹೆರಿಗೆ ಎಲ್ಲಾಯಿತು, ರಾತ್ರಿ ಗಾಡಿ ಸಿಕ್ಕಿತ್ತಾ, ತಾಯಿಗೆ ರಕ್ತ ಕಡಿಮೆ ಇತ್ತಾ. ರಸ್ತೆ, ಊಟ, ಆಸ್ಪತ್ರೆ, ಆ ಹೆಣ್ಣುಮಗಳ ಓದು ಎಲ್ಲವೂ ಆ ಸಾಲಿನಲ್ಲಿರುತ್ತವೆ. ಅದಕ್ಕೇ ಈ ಅಂಕಿಯ ಮೇಲೆ ನನಗೆ ನಂಬಿಕೆ ಜಾಸ್ತಿ. ಆದರೂ ಹುಷಾರು. ಮೊದಲು ಬರೆಯದೇ ಬಿಟ್ಟ ಸಾವುಗಳನ್ನು ಸರಿಯಾಗಿ ಬರೆಯತೊಡಗಿದರೂ ಅಂಕಿ ಏರುತ್ತದೆ. ಸೋವಿಯತ್ ಏರಿಕೆಯಲ್ಲೂ ಮಧ್ಯ ಏಷ್ಯಾದ ಕಡೆ ನೋಂದಣಿ ಸುಧಾರಿಸಿದ್ದರ ಪಾಲಿದೆ ಎನ್ನುವ ತಜ್ಞರಿದ್ದಾರೆ.

ಇನ್ನು ಅಮೆರಿಕ. 1960ರಲ್ಲಿ ಜಗತ್ತಿನ ಒಟ್ಟು ಉತ್ಪನ್ನದಲ್ಲಿ ಅದರ ಪಾಲು ಸುಮಾರು ಶೇ. 40 ಇತ್ತು. ಈಗ ಕಾಲು ಭಾಗದ ಆಸುಪಾಸು. ಅಷ್ಟಕ್ಕೇ ಬಿದ್ದೇಹೋಯಿತು ಅನ್ನಬೇಡ. ಬೇರೆ ಜಿಲ್ಲೆಯವರು ತೊಗರಿ ಜಾಸ್ತಿ ಬೆಳೆದರೆ ಕಲಬುರಗಿಯ ಪಾಲು ಇಳಿಯುತ್ತದೆ, ನಮ್ಮ ಚೀಲಗಳೇನೂ ಕಡಿಮೆಯಾಗಲ್ಲ, ಅಲ್ವಾ?

ನನಗೆ ಚಿಂತೆ ಹಚ್ಚುವುದು ಅಲ್ಲಿನ ಜನರ ಸರಾಸರಿ ಆಯಸ್ಸು. 2014ರಲ್ಲಿ 78.9 ವರ್ಷ ಇತ್ತು. ನಶೆಯ ಮದ್ದಿಗೆ ಬಲಿಯಾಗುವವರು ಹೆಚ್ಚಿ ಕೊರೊನಾಗಿಂತ ಮುಂಚೆಯೇ ಇಳಿಯತೊಡಗಿತು. 2021ರಲ್ಲಿ 76.4ಕ್ಕೆ ಬಂತು. 2023ರಲ್ಲಿ ಮತ್ತೆ 78.4ಕ್ಕೆ ಏರಿದೆ. ಜಪಾನಿನವರು 84ರ ಹತ್ತಿರ ಇದ್ದಾರೆ. ಅಷ್ಟು ದುಡ್ಡಿರುವ ದೇಶದಲ್ಲಿ ಸುಮಾರು ಹತ್ತು ವರ್ಷ ಕಾಲ ಆಯಸ್ಸು ಮುಂದಕ್ಕೇ ಹೋಗಲಿಲ್ಲ ಅಂದರೆ ಒಳಗೆ ಏನೋ ಕೆಟ್ಟಿದೆ. ಆದರೆ ಆ ಅಂಕಿಯನ್ನು ಅವರು ಮುಚ್ಚಿಟ್ಟಿಲ್ಲ, ಅದು ಮತ್ತೆ ಏರಿಯೂ ಇದೆ. ಹಾಗಾಗಿ ಸೋವಿಯತ್ ಗತಿಯೇ ಅಮೆರಿಕಕ್ಕೂ ಅನ್ನುವವರ ಮಾತನ್ನು ನಾನು ಸದ್ಯಕ್ಕೆ ಒಪ್ಪುವುದಿಲ್ಲ.