ಮಕ್ಕಳ ಪ್ರಕೃತಿ ಕೇಂದ್ರಕ್ಕೆ ಮೊದಲು ಬೇಕಾದದ್ದು ಕಟ್ಟಡವಲ್ಲ, ಹೊಂಡ

2 ಎಕರೆಯಲ್ಲಿ ಮಕ್ಕಳಿಗಾಗಿ ಪ್ರಕೃತಿ ಕೇಂದ್ರ, ಕಾಲುದಾರಿ ಮಾಡಬೇಕು, ಕಟ್ಟಡದೊಳಗೆ ಏನೇನಿಡಲಿ ಅಂತ ಕೇಳಿದ್ದೀರಿ. ಕಟ್ಟಡ ಆಮೇಲೆ ನೋಡೋಣ. ಮೊದಲು ಒಂದು ಹೊಂಡ ತೋಡಿಸಿ.

ಮಲೆನಾಡಿನ ಒಂದು ಶಾಲೆಯ ಹಿತ್ತಲಲ್ಲಿ ನಾವು ಕೆಲವರು ಸೇರಿ ಇಂಥದ್ದೇ ಮಾಡಿದ್ದೆವು. ಮೊದಲ ಮಳೆಗಾಲದಲ್ಲೇ ಹೊಂಡದ ತುಂಬ ಗೊದಮೊಟ್ಟೆ. ಬಿಳಿ ಟಬ್ಬಿಗೆ ಒಂದು ಮಗ್ಗು ನೀರು ಸುರಿದರೆ ಸಾಕು, ಸುತ್ತ ಕೂತ ಮಕ್ಕಳು ಏಳುತ್ತಲೇ ಇರಲಿಲ್ಲ. ಏರೋಪ್ಲೇನ್ ಚಿಟ್ಟೆಯ ಮರಿ ನೀರಲ್ಲೇ ಬೆಳೆಯುತ್ತದೆ, ಗೊತ್ತಲ್ವಾ? ಅದು ಕದಲದೆ ಕೂತು, ಮಡಚಿಟ್ಟ ಕೆಳದವಡೆಯನ್ನು ಚಕ್ಕನೆ ಮುಂದೆ ಚಾಚಿ ಗೊದಮೊಟ್ಟೆ ಹಿಡಿಯುತ್ತದೆ. ಅದನ್ನು ಒಂದು ಸಲ ಕಂಡ ಮಗು ಟಚ್‌ಸ್ಕ್ರೀನ್ ಕಡೆ ತಿರುಗಿಯೂ ನೋಡುವುದಿಲ್ಲ.

ಆಮೇಲೆ ಡೆಂಗಿ ಭಯ ಶುರುವಾಯಿತು. ಸೊಳ್ಳೆ ಮರಿ ತಿನ್ನಲಿ ಅಂತ ಗಾಂಬೂಸಿಯಾ ಮೀನು ಬಿಟ್ಟೆವು. ಎಲ್ಲ ಕೆಟ್ಟಿದ್ದು ಅಲ್ಲೇ. ಅಮೆರಿಕ ಮೂಲದ ಈ ಮೀನು ಕಪ್ಪೆ ಮೊಟ್ಟೆ, ಗೊದಮೊಟ್ಟೆ, ಸಣ್ಣಪುಟ್ಟ ಹುಳ, ಯಾವುದನ್ನೂ ಬಿಡುವುದಿಲ್ಲ. ಮೀನು ಸಾಯಬಾರದು ಅಂತ ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಬೇರೆ ತುಂಬಿಸಿದೆವು. ಅದು ಇನ್ನೂ ದೊಡ್ಡ ಎಡವಟ್ಟು. ಹೊಂಡ ವರ್ಷಕ್ಕೊಮ್ಮೆ ಒಣಗಿದರೆ ಮೀನು ಉಳಿಯುವುದಿಲ್ಲ. ಮೀನಿಲ್ಲದ ಕಡೆ ಗೊದಮೊಟ್ಟೆ ಬದುಕುತ್ತವೆ. ಮಳೆ ಬಿದ್ದ ಕೂಡಲೇ ಕಪ್ಪೆಗಳು ಹೊಸ ನೀರು ಹುಡುಕಿಕೊಂಡು ಬರುವುದರಲ್ಲಿ ಇಷ್ಟೊಂದು ಲೆಕ್ಕ ಇದೆ. ಆ ಲೆಕ್ಕವನ್ನೇ ನಾವು ತಪ್ಪಿಸಿದ್ದೆವು. ಮುಂದಿನ ಮಳೆಗಾಲದಲ್ಲಿ ಟಬ್ಬಲ್ಲಿ ಬರೀ ನೀರು. ಮಕ್ಕಳು ಬೋರ್ಡು ಓದಿ ವಾಪಸ್ ಹೋದರು.

ಡೆಂಗಿ ಸೊಳ್ಳೆಗೆ ಇಷ್ಟವಾಗುವುದು ಟೈರು, ಡ್ರಮ್ಮು, ತೆಂಗಿನ ಚಿಪ್ಪಿನಲ್ಲಿ ನಿಂತ ನೀರು. ಅವೆಲ್ಲ ಶಾಲೆಯ ಹಿಂದೆಯೇ ಬಿದ್ದಿದ್ದವು! ಅವನ್ನು ತೆಗೆಸಿ, ಬೋರ್‌ವೆಲ್ ನಿಲ್ಲಿಸಿ, ಏಪ್ರಿಲ್‌ನಲ್ಲಿ ಹೊಂಡ ಪೂರ್ತಿ ಒಣಗಲು ಬಿಟ್ಟ ಮೇಲೇ ಕಪ್ಪೆ ಮತ್ತೆ ಬಂದವು.

ನಿಮ್ಮ ಹೊಂಡ ಒಂದೂವರೆ ಅಡಿಗಿಂತ ಆಳ ಬೇಡ. ಅಷ್ಟಿದ್ದರೂ ಪಕ್ಕದಲ್ಲಿ ದೊಡ್ಡವರು ಇರಲೇಬೇಕು. ತಳಕ್ಕೆ ಅಂಟು ಮಣ್ಣು ಹಾಕಿ ತುಳಿಸಿ. ದಂಡೆ ಇಳಿಜಾರಾಗಿರಲಿ, ನೆಟ್ಟಗಿನ ಟೈಲ್ಸ್ ಗೋಡೆಯಾದರೆ ಬಾಲ ಕರಗಿದ ಮರಿಕಪ್ಪೆಗಳು ಹತ್ತಿ ಬರಲಾರವು. ದಾರಿ 200 ಮೀಟರ್ ಸಾಕು, ಚಿಕ್ಕ ಮಕ್ಕಳು ನಡೆಯುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಇಂಟರ್‌ಲಾಕ್ ಹಾಕಿಸಬೇಡಿ, ತರಗೆಲೆ ಗುಡಿಸಬೇಡಿ. ಬೇಸಿಗೆ ರಜೆಗೆ ಉದ್ಘಾಟನೆ ಇಟ್ಟುಕೊಳ್ಳಲೇಬೇಡಿ, ಆಗ ತೋರಿಸಲು ಏನೂ ಇರುವುದಿಲ್ಲ. ಕಟ್ಟಡ ಅಂದರೆ ಮಳೆಗೆ ನಿಲ್ಲಲು ಒಂದು ಹೆಂಚಿನ ಮಾಡು, ಟಬ್ಬು, ಟೀ ಸೋಸುವ ಜಾಲರಿ, ಭೂತಗನ್ನಡಿ ಇಡಲು ಒಂದು ಕಟ್ಟೆ, ಅಷ್ಟೇ. ಉಳಿದ ದುಡ್ಡಲ್ಲಿ ಆ ಊರಿನ ಗಿಡ, ಹುಳ, ಹಕ್ಕಿ ಬಲ್ಲ ಒಬ್ಬರನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳಿ.