ಬೆಂಗಳೂರು ಬೀಸ್ಟ್ ಎಲ್ಲಿ ಹೋಯಿತು?

ಪ್ರಶ್ನೆ: ಸರ್, ಕಾಲೇಜಿನಲ್ಲಿದ್ದಾಗ ಟಿವಿಯಲ್ಲಿ ಯುಬಿಎ ಬ್ಯಾಸ್ಕೆಟ್‌ಬಾಲ್ ಲೀಗ್ ನೋಡುತ್ತಿದ್ದೆ. ಬೆಂಗಳೂರು ಬೀಸ್ಟ್ ನಮ್ಮ ತಂಡ. 2017ರ ನಂತರ ಅದರ ಸುದ್ದಿಯೇ ಇಲ್ಲ. ಹೀಗೆ ಮುಳುಗಿದ ಲೀಗ್ ಮತ್ತೆ ಎದ್ದು ನಿಂತಿದ್ದು ಎಲ್ಲಾದರೂ ಉಂಟಾ? ನಮ್ಮಲ್ಲಿ ಸಾಧ್ಯನಾ?
– ಓದುಗರೊಬ್ಬರು, ಮೈಸೂರು

ಉತ್ತರ: ಉಂಟು. ಆಸ್ಟ್ರೇಲಿಯಾದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಲ್ ಕತೆ ಕೇಳಿ. ಅದು ಶುರುವಾಗಿದ್ದು 1979ರಲ್ಲಿ. ತೊಂಬತ್ತರ ದಶಕದಲ್ಲಿ ಆಂಡ್ರ್ಯೂ ಗೇಜ್ ಆಡುತ್ತಿದ್ದ ಮೆಲ್ಬರ್ನ್ ಟೈಗರ್ಸ್ ಪಂದ್ಯ ಅಂದರೆ ಟೆನಿಸ್‌ಗೆಂದು ಕಟ್ಟಿದ ದೊಡ್ಡ ಕ್ರೀಡಾಂಗಣದಲ್ಲಿ ಜನವೋ ಜನ. ಆಮೇಲೆ ಇಳಿಮುಖ. ಖರ್ಚು ಏರಿತು, ಟಿವಿಯವರ ಆಸಕ್ತಿ ಇಳಿಯಿತು. ಹಲವು ತಂಡಗಳು ಒಬ್ಬೊಬ್ಬ ಮಾಲೀಕನ ಜೇಬನ್ನೇ ನಂಬಿ ನಿಂತಿದ್ದವು. 2008ರಲ್ಲಿ ಆ ಮಾಲೀಕರ ವ್ಯವಹಾರ ಕುಸಿದಾಗ ಸಿಡ್ನಿ ಕಿಂಗ್ಸ್, ಬ್ರಿಸ್ಬೇನ್ ಬುಲೆಟ್ಸ್ ಎರಡೂ ಲೀಗ್‌ನಿಂದ ಹೊರಬಿದ್ದವು. 2009ರಲ್ಲಿ ಚಾಂಪಿಯನ್ ಆದ ಸೌತ್ ಡ್ರ್ಯಾಗನ್ಸ್ ತಂಡ ಮುಂದಿನ ಸೀಸನ್‌ಗೆ ಇರಲೇ ಇಲ್ಲ. ಕಪ್ ಗೆದ್ದವರೇ ಬಾಗಿಲು ಹಾಕಿಕೊಂಡರು ಅಂದರೆ ಪರಿಸ್ಥಿತಿ ಹೇಗಿತ್ತು ನೋಡಿ.

ಅದೇ ವರ್ಷ ವೊಲೊಂಗಾಂಗ್‌ನ ಹಾಕ್ಸ್ ತಂಡಕ್ಕೂ ಕುತ್ತು ಬಂತು. ಉಕ್ಕು, ಕಲ್ಲಿದ್ದಲಿನ ಊರು ಅದು. ಲೀಗ್‌ನಲ್ಲಿ ಉಳಿಯಬೇಕಾದರೆ 10 ಲಕ್ಷ ಡಾಲರ್ ಬ್ಯಾಂಕ್ ಗ್ಯಾರಂಟಿ ಕೊಡಬೇಕಿತ್ತು. ತಂಡ ಉಳಿಸಿಕೊಳ್ಳಲು ಊರಿನವರು ಟೊಂಕ ಕಟ್ಟಿ ನಿಂತರು. ಕೊನೆಗೆ ಆ ಗ್ಯಾರಂಟಿ ಕೊಟ್ಟಿದ್ದು ಅಲ್ಲಿ ಗಣಿ ನಡೆಸುತ್ತಿದ್ದ ಭಾರತದ ಕಂಪನಿ ಗುಜರಾತ್ ಎನ್‌ಆರ್‌ಇ.

2015ರಲ್ಲಿ ಉದ್ಯಮಿ ಲ್ಯಾರಿ ಕೆಸ್ಟೆಲ್‌ಮನ್ ಲೀಗ್ ಅನ್ನೇ ಕೈಗೆತ್ತಿಕೊಂಡರು. 2016ರಲ್ಲಿ ಬ್ರಿಸ್ಬೇನ್ ವಾಪಸ್ ಬಂತು. ಸಿಡ್ನಿ 2010ರಲ್ಲೇ ಮರಳಿತ್ತು. 2017ರಲ್ಲಿ ನಮ್ಮ ಪಂಜಾಬಿನ ಅಮೃತ್‌ಪಾಲ್ ಸಿಂಗ್ ಆ ಸಿಡ್ನಿ ಕಿಂಗ್ಸ್ ಸೇರಿದರು. ಅದೇ ವರ್ಷ ಮೆಲ್ಬರ್ನ್ ಯುನೈಟೆಡ್ ಅಮೆರಿಕಕ್ಕೆ ಹೋಗಿ ಅಲ್ಲಿನ ದೊಡ್ಡ ಲೀಗ್ ಎನ್‌ಬಿಎಯ ತಂಡವಾದ ಒಕ್ಲಹೋಮ ಸಿಟಿ ಥಂಡರ್ ಎದುರು 85–86ರಿಂದ, ಬರೀ ಒಂದು ಪಾಯಿಂಟ್‌ನಿಂದ ಸೋತಿತು. ಮರುವರ್ಷ, ಎನ್‌ಬಿಎ ಕನಸಿನ ಹುಡುಗರನ್ನು ಕರೆತಂದು ಒಂದು ಸೀಸನ್ ಆಡಿಸುವ ಯೋಜನೆ ಶುರುವಾಯಿತು. ಹಾಗೆ ಬಂದ ಲಮೆಲೊ ಬಾಲ್ ಆಡಿದ್ದು ಎಲ್ಲಿ ಗೊತ್ತಾ? ಜನ ಉಳಿಸಿಕೊಂಡ ಅದೇ ಹಾಕ್ಸ್‌ನಲ್ಲಿ. 2020ರ ಎನ್‌ಬಿಎ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಅವರು ಮೂರನೆಯವರಾಗಿ ಆಯ್ಕೆಯಾದರು.

ಹಣವಂತರು ಬಂದರು, ಲೀಗ್ ಎದ್ದಿತು ಅಂತ ಇದನ್ನು ಓದಬೇಡಿ. ಹಣ ಬರುವ ಹೊತ್ತಿಗೆ ಊರಿನ ತಂಡ, ಊರಿನ ಕೋರ್ಟ್, ವಾರ ವಾರ ಬರುವ ಜನ ಉಳಿದಿದ್ದರು. ನಮ್ಮಲ್ಲಿ ಇಲ್ಲದ್ದು ಅದೇ. ಯುಬಿಎಯ ಎಂಟು ತಂಡಕ್ಕೂ ಊರಿನ ಹೆಸರಿತ್ತು. ಆದರೆ ಎಲ್ಲರನ್ನೂ ಒಂದೇ ಕಡೆ ಸೇರಿಸಿ ಸೀಸನ್ ಮುಗಿಸುತ್ತಿದ್ದರು. ನಮ್ಮ ಬೀಸ್ಟ್ ಪಂದ್ಯವನ್ನು ಕಂಠೀರವದಲ್ಲಿ ವಾರ ವಾರ ಕೂತು ನೋಡುವ ಭಾಗ್ಯ ನಮಗಿರಲಿಲ್ಲ. ನೋಡದ ತಂಡವನ್ನು ಉಳಿಸಲು ಯಾರು ಬರುತ್ತಾರೆ ಹೇಳಿ?

ಇನ್ನೊಂದು, ನೌಕರಿ. ನಮ್ಮ ಒಳ್ಳೆಯ ಆಟಗಾರರ ಹೊಟ್ಟೆ ತುಂಬಿಸುವುದು ರೈಲ್ವೆ, ಸೇನೆ, ಬ್ಯಾಂಕು, ಒಎನ್‌ಜಿಸಿ. ನನ್ನ ಹತ್ತಿರ ಕಲಿತ ಹುಡುಗನೊಬ್ಬ ಬ್ಯಾಂಕ್ ತಂಡದಲ್ಲಿದ್ದಾನೆ. ಬೆಳಿಗ್ಗೆ ಕೌಂಟರ್, ಸಂಜೆ ಕೋರ್ಟ್. ಕುರ್ಚಿಯ ಕೆಳಗೇ ಕಿಟ್ ಬ್ಯಾಗ್, ಅದರಲ್ಲಿ ಮಂಡಿಗೆ ಸುತ್ತುವ ಪಟ್ಟಿ. ಲೀಗ್ ಆಡಬೇಕಾದರೆ ಅವನು ಆಫೀಸಿನಿಂದ ಎನ್‌ಒಸಿ ತರಬೇಕು. ಎರಡು ಸೀಸನ್‌ಗೆ ಮುಚ್ಚಿಹೋಗಬಹುದಾದ ಲೀಗ್ ನಂಬಿ ಕಾಯಂ ಕೆಲಸ ಬಿಡು ಅಂತ ನಾನು ಯಾವ ಬಾಯಲ್ಲಿ ಹೇಳಲಿ?

2010ರಲ್ಲಿ ನಮ್ಮ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಕ್ರೀಡಾ ವ್ಯವಹಾರದ ಕಂಪನಿ ಐಎಂಜಿ–ರಿಲಯನ್ಸ್ ಜೊತೆ 30 ವರ್ಷಗಳ ಒಪ್ಪಂದ ಮಾಡಿಕೊಂಡಿತ್ತು. ಅದರಿಂದ ಬರಬೇಕಿದ್ದ ಲೀಗ್ ಬರಲೇ ಇಲ್ಲ. 2022ರಲ್ಲಿ ಫೆಡರೇಷನ್ ಆರು ತಂಡಗಳ ಐಎನ್‌ಬಿಎಲ್ ಎಂಬ ಲೀಗ್ ಶುರು ಮಾಡಿತು. ಬೆಂಗಳೂರು ಕಿಂಗ್ಸ್ ಇತ್ತು, ಚೆನ್ನೈ ಹೀಟ್ ಗೆದ್ದಿತು. 2025ರ ಶುರುವಿನಲ್ಲಿ 25 ವರ್ಷದೊಳಗಿನವರ ಲೀಗ್ ದೆಹಲಿಯಲ್ಲಿ ನಡೆಯಿತು. ಮತ್ತೆ ಒಂದೇ ಊರು!

ನನ್ನ ಕೈಗೆ ಕೊಟ್ಟರೆ ಚಿಕ್ಕದಾಗಿ ಶುರು ಮಾಡುತ್ತೇನೆ. ಬೆಂಗಳೂರು, ಮೈಸೂರು, ಚೆನ್ನೈ, ಕೊಯಮತ್ತೂರು, ಕೊಚ್ಚಿ. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ತಲುಪುವ ಊರುಗಳು. ಐದು ತಂಡ, ಪ್ರತಿ ತಂಡಕ್ಕೆ ನಾಲ್ಕು ಪಂದ್ಯ ತಮ್ಮೂರಲ್ಲಿ, ನಾಲ್ಕು ಹೊರಗೆ. ಆಟ ಶನಿವಾರ, ಭಾನುವಾರ ಮಾತ್ರ. ಆಗ ಬ್ಯಾಂಕಿನ ಹುಡುಗನೂ ಆಡಬಹುದು, ನೀವೂ ಮಕ್ಕಳನ್ನು ಕರೆದುಕೊಂಡು ಬರಬಹುದು. ಇದು ಸಾಧ್ಯ ಅಂತ ನಾನು ಮನಸಾರೆ ನಂಬಿದ್ದೇನೆ.

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸ್. ಬ್ಯಾಸ್ಕೆಟ್‌ಬಾಲ್ ಅಂದ್ರೆ ಪ್ರಾಣ. ಹುಡುಗಿಯರಿಗೆ ಲೀಗ್ ಬರುತ್ತಾ?
– ತಾಯಿಯೊಬ್ಬರು, ಮಂಡ್ಯ

ಉತ್ತರ: ಬರಲೇಬೇಕು ಅಮ್ಮಾ. ಯುಬಿಎ ಬರೀ ಗಂಡುಮಕ್ಕಳದ್ದಾಗಿತ್ತು, ಅದು ದೊಡ್ಡ ತಪ್ಪು. ಆಸ್ಟ್ರೇಲಿಯಾದಲ್ಲಿ ಮಹಿಳೆಯರ ಲೀಗ್ 1981ರಿಂದಲೇ ಇದೆ. 2017ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ನಮ್ಮ ಹುಡುಗಿಯರು ಏಷ್ಯಾ ಕಪ್‌ನ ಬಿ ಡಿವಿಷನ್ (ಎರಡನೇ ಹಂತ) ಫೈನಲ್‌ನಲ್ಲಿ ಕಜಕಿಸ್ತಾನವನ್ನು 75–73ರಿಂದ ಸೋಲಿಸಿದ್ದರು. ಆದರೆ ಲೀಗ್‌ಗಾಗಿ ಸುಮ್ನೆ ಕಾಯುತ್ತಾ ಕೂರಬೇಡಿ. ಊರಿನ ಕ್ಲಬ್ಬಿಗೆ ಸೇರಿಸಿ. ಓದೂ ನಡೆಯಲಿ, ಮುಂದೆ ಕ್ರೀಡಾ ಕೋಟಾದ ಸೀಟಿಗೂ ಕೆಲಸಕ್ಕೂ ಎರಡೂ ಬೇಕಾಗುತ್ತದೆ. ಬಲಗೈ ಹುಡುಗಿಯಾದರೆ ಈ ರಜೆಯಲ್ಲಿ ಎಡಗೈ ಲೇ-ಅಪ್, ಅಂದರೆ ಬುಟ್ಟಿಯ ಹತ್ತಿರ ಓಡಿಬಂದು ಎಡಗೈಯಲ್ಲಿ ಚೆಂಡು ಹಾಕುವುದು, ಗಟ್ಟಿಯಾಗಲಿ. ದಿನಾ ಐವತ್ತು, ತಪ್ಪಿದ್ದನ್ನು ಎಣಿಸದೆ. ಟ್ರಯಲ್ಸ್‌ನಲ್ಲಿ ನಾನು ಮೊದಲು ನೋಡುವುದು ಅದನ್ನೇ.